ಎವೆಯಿಕ್ಕಲು ಮರೆತಾಗ

ಹಳೆಯ ಓಲೆಗರಿಯ ಗ್ರಂಥಗಳನ್ನು ನೋಡಿ ಬಲ್ಲವರಿಗೆ, ಅವುಗಳ ಕೊನೆಯಲ್ಲಿ ಲಿಪಿಕಾರನು ಬರೆದಿಡುತ್ತಿದ್ದ ಒಂದು ಬಿನ್ನಹದ ಪರಿಚಯವಿದ್ದೀತು. ಸಂಸ್ಕೃತದ ಆ ಮಾತು ಅನೇಕ ಪ್ರತಿಗಳಲ್ಲಿ ಅಷ್ಟಿಷ್ಟು ಪಾಠಭೇದದೊಡನೆ ಕಾಣಸಿಗುತ್ತದೆ. ಬೆನ್ನು ಮುರಿದು, ಸೊಂಟವೂ ಕತ್ತೂ ನೊಂದು, ದೃಷ್ಟಿ ಸ್ತಬ್ಧವಾಗಿ, ಮುಖ ಕೆಳಗೆ ಬಾಗಿ, ಕಷ್ಟದಿಂದ ಬರೆದು ಮುಗಿಸಿದ ಗ್ರಂಥವಿದು. ಇದನ್ನು ಎಚ್ಚರದಿಂದ ಕಾಪಾಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಓದಿದಾಗ, ಇದೊಂದು ವಾಡಿಕೆಯ ಮಾತು, ಮಂಗಳಶ್ಲೋಕದಂತೆ ಎಲ್ಲರೂ ಬರೆಯುವಂಥದು ಎಂದು ನಾನು ಅದನ್ನು ದಾಟಿ ಹೋಗಿದ್ದೆ. ಐವತ್ತು ತುಂಬಿದ ಮೇಲೆ, ಕಂಪ್ಯೂಟರಿನ ತೆರೆಯ ಮುಂದೆ ದಿನಕ್ಕೆ ಎಂಟೊಂಬತ್ತು ಗಂಟೆ ಕೂರುವ ಕಾಲ ಬಂದಾಗ, ಅದು ವೈದ್ಯನ ಚೀಟಿಯಷ್ಟೇ ಕರಾರುವಾಕ್ಕಾದ ರೋಗವಿವರಣೆ ಎಂಬುದು ತಿಳಿಯಿತು. ಆ ತಿಳಿವಳಿಕೆಯನ್ನು ನಾನು ಸುಲಭದ ಬೆಲೆಗೆ ಕೊಳ್ಳಲಿಲ್ಲ. ಅದನ್ನೇ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕರಡಚ್ಚು ತಿದ್ದುವುದು ನನ್ನ ಕಸುಬು. ಮೊಳೆ ಜೋಡಿಸುವ ಕಾಲದಲ್ಲಿ ಆರಂಭಿಸಿದವನು ನಾನು. ಆಗ ಮಸಿಯಾರದ ಕರಡು ಕೈಗೆ ಬರುತ್ತಿತ್ತು. ಅದನ್ನು ಹಿಡಿದು ಕಿಟಕಿಯ ಬಳಿ ಹೋಗಬಹುದಿತ್ತು, ಜಗಲಿಯ ಮೇಲೆ ಕೂರಬಹುದಿತ್ತು, ಅನುಮಾನ ಬಂದರೆ ಎದ್ದು ಹೋಗಿ ಜೋಡಿಸುವವರನ್ನು ಕೇಳಬಹುದಿತ್ತು. ಕಾಗದ ನಾವು ಹೋದಲ್ಲಿಗೆ ಬರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕ್ರಮ ತಿರುಗಿಬಿತ್ತು. ತೆರೆ ಒಂದೆಡೆ ನಿಂತಿತು. ಅದು ನಿಂತಲ್ಲಿಗೆ ನಾವು ಹೋಗಿ, ಅದಕ್ಕೆ ತಕ್ಕಂತೆ ಕತ್ತನ್ನೂ ಕಣ್ಣನ್ನೂ ಹೊಂದಿಸಿಕೊಂಡು ಕೂರಬೇಕಾಯಿತು. ಆಗ ಇದರಲ್ಲಿ ಅಪಾಯವೇನೂ ಕಾಣಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಆಪ್ತಮಿತ್ರರೊಬ್ಬರು ತೀರಿಕೊಂಡರು. ಅವರ ಪ್ರಬಂಧಗಳನ್ನೆಲ್ಲ ಒಟ್ಟುಮಾಡಿ, ವರ್ಷಾಬ್ದಿಕದೊಳಗೆ ಪುಸ್ತಕ ಹೊರತರುವೆನೆಂದು ಅವರ ಪತ್ನಿಗೆ ಮಾತು ಕೊಟ್ಟೆ. ರಾತ್ರಿ ಹನ್ನೊಂದರವರೆಗೂ ತೆರೆಯ ಮುಂದೆ ಕೂತೆ. ಎರಡನೆಯ ತಿಂಗಳಿಗೆ ಕಣ್ಣುರಿ ಶುರುವಾಯಿತು. ಮರಳು ಬಿದ್ದಂತೆ ಒತ್ತುತ್ತಿತ್ತು, ಸುಮ್ಮಸುಮ್ಮನೆ ನೀರು ಸುರಿಯುತ್ತಿತ್ತು. ಮೂರನೆಯ ತಿಂಗಳಿಗೆ ಕತ್ತು ಹಿಡಿದುಕೊಂಡಿತು. ಎಣ್ಣೆ ತಿಕ್ಕಿಸಿದೆ, ಬಿಸಿನೀರಿನ ಶಾಖ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ, ಕತ್ತಿಗೆ ಪಟ್ಟಿ ಕಟ್ಟಿಕೊಂಡೆ. ಕಸುಬನ್ನೇ ಬಿಡಬೇಕಾದೀತೆಂಬ ಭಯ ರಾತ್ರಿಯೆಲ್ಲ ಎಚ್ಚರವಿರಿಸುತ್ತಿತ್ತು. ಹೇಗೋ ಪುಸ್ತಕ ಬಂತು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ತೆರೆದರು; ಅರ್ಪಣೆಯ ಪುಟದಲ್ಲಿ ಮಿತ್ರರ ತಾಯಿಯ ಹೆಸರಿನ ಒಂದು ಒತ್ತಕ್ಷರ ಬಿದ್ದುಹೋಗಿತ್ತು. ಆಕೆ ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ನೋವಾಯಿತು.

ಆ ವಾರವೇ ಕಣ್ಣಿನ ವೈದ್ಯರೊಬ್ಬರ ಬಳಿಗೆ ಹೋದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ಅವರು, "ನೀವು ಕೆಲಸಕ್ಕೆ ಹೇಗೆ ಕೂರುತ್ತೀರಿ, ಒಮ್ಮೆ ಕೂತು ತೋರಿಸಿ ಸಾರ್" ಎಂದರು. ಗೋಡೆಯ ಕ್ಯಾಲೆಂಡರನ್ನೇ ತೆರೆಯೆಂದು ಭಾವಿಸಿ ನಾನು ಕೂತೆ. ನನಗರಿವಿಲ್ಲದೆಯೇ ಗದ್ದ ಮೇಲೆದ್ದಿತು, ತಲೆ ಹಿಂದಕ್ಕೆ ವಾಲಿತು. ಅವರು ನಕ್ಕು, "ನಿಮ್ಮ ಕತ್ತಿನ ನೋವು ಕತ್ತಿನಲ್ಲಿಲ್ಲ, ಕನ್ನಡಕದಲ್ಲಿದೆ" ಎಂದರು.

ಈ ಮಾತನ್ನು ತುಸು ಬಿಡಿಸಿ ಹೇಳಬೇಕು. ನಲವತ್ತರ ಆಸುಪಾಸಿನಲ್ಲಿ ನಮಗೆ ಚಾಳೀಸು ಬರುತ್ತದೆ. ಕಣ್ಣಿನೊಳಗಿನ ಮಸೂರವು ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಳ್ಳಬೇಕು. ವಯಸ್ಸಾದಂತೆ ಅದು ಗಡಸಾಗಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದಕ್ಕಾಗಿ ಕೊಡುವ ಜೋಡಿ ಗಾಜಿನ ಕನ್ನಡಕದಲ್ಲಿ ಮೇಲ್ಭಾಗ ದೂರದ ನೋಟಕ್ಕೆ, ಕೆಳಭಾಗ ಓದಿಗೆ. ಓದಿನ ಭಾಗವನ್ನು ಸಾಮಾನ್ಯವಾಗಿ ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ಕೆಳಗೆ ಹಿಡಿದ ಪುಸ್ತಕಕ್ಕೆಂದು ಅಳವಡಿಸಿರುತ್ತಾರೆ. ಕಂಪ್ಯೂಟರಿನ ತೆರೆಯಾದರೋ ಕೆಳಗೂ ಇಲ್ಲ, ಅಷ್ಟು ಹತ್ತಿರವೂ ಇಲ್ಲ. ಎದುರಿಗೆ ಒಂದು ತೋಳಿನಷ್ಟು ದೂರದಲ್ಲಿದೆ. ಮೇಲಿನ ಗಾಜಿನಿಂದ ಅಕ್ಷರ ಮಸುಕು. ಕೆಳಗಿನ ಗಾಜಿಗೆ ತೆರೆಯನ್ನು ಸಿಕ್ಕಿಸಲು ಗದ್ದವನ್ನೆತ್ತಿ, ಮುಂದಕ್ಕೆ ಚಾಚಬೇಕು. ಹೀಗೆ ಎಂಟು ಗಂಟೆ ಚಾಚಿದ ಕತ್ತು ನೋಯದೆ ಇನ್ನೇನು ಮಾಡೀತು? ತಲೆಯ ತೂಕ ಸುಮಾರು 5 ಕಿಲೋ. ನೀರಿನ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡವರಿಗೂ ತೋಳು ಚಾಚಿ ಹಿಡಿದವರಿಗೂ ಇರುವ ವ್ಯತ್ಯಾಸವೇ ನೆಟ್ಟಗಿರುವ ಕತ್ತಿಗೂ ಮುಂದೆ ಚಾಚಿದ ಕತ್ತಿಗೂ ಇರುವುದು.

ಪರಿಹಾರ ಎರಡು. ಜೋಡಿ ಗಾಜಿನವರು ತೆರೆಯನ್ನು ಇತರರಿಗಿಂತ ಇನ್ನೂ ತಗ್ಗಿಸಿ, ಅದರ ತಲೆಯನ್ನು ತುಸು ಹಿಂದಕ್ಕೆ ವಾಲಿಸಿಕೊಳ್ಳಬೇಕು. ಇಲ್ಲವೇ ತೆರೆಗೂ ಕಣ್ಣಿಗೂ ನಡುವಿನ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಆ ದೂರಕ್ಕೆಂದೇ ಒಂದು ಬೇರೆ ಕನ್ನಡಕ ಮಾಡಿಸಬೇಕು. ನಾನು ಎರಡನೆಯದನ್ನು ಮಾಡಿದೆ.

ಇನ್ನು ಕಣ್ಣುರಿಯ ಸಂಗತಿ. ದಮಯಂತಿಯ ಸ್ವಯಂವರವನ್ನು ನೀವು ಬಲ್ಲಿರಿ. ದೇವತೆಗಳು ನಳನ ರೂಪದಲ್ಲಿ ಬಂದು ಕೂತಾಗ, ಬೆವರದವರು, ಎವೆಯಿಕ್ಕದವರು ದೇವತೆಗಳೆಂದೂ, ಎವೆಯಿಕ್ಕುವವನು ನಳನೆಂದೂ ಅವಳು ಗುರುತಿಸುತ್ತಾಳೆ. ದೇವತೆಗಳಿಗೆ ಅನಿಮಿಷರೆಂಬ ಹೆಸರೇ ಇದೆ. ತೆರೆಯ ಮುಂದೆ ಕೂತ ಮನುಷ್ಯ ಈ ದೇವತ್ವಕ್ಕೆ ಕೈಹಾಕುತ್ತಾನೆ. ಮಾತಾಡುತ್ತ ಕೂತಾಗ ನಾವು ನಿಮಿಷಕ್ಕೆ 15-20 ಸಲ ಎವೆಯಿಕ್ಕುತ್ತೇವೆ. ತೆರೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಇಕ್ಕಿದ ಎವೆಯೂ ಪೂರ್ತಿ ಮುಚ್ಚುವುದಿಲ್ಲ. ಲಿಪಿಕಾರನು ದೃಷ್ಟಿ ಸ್ತಬ್ಧವಾಯಿತೆಂದು ಹೇಳಿಕೊಂಡದ್ದು ಇದನ್ನೇ ಅಲ್ಲವೆ?

ಎವೆಯಿಕ್ಕುವುದು ಸಣ್ಣ ಕೆಲಸವಲ್ಲ. ಕಣ್ಣಿನ ಮೇಲೆ ಕಣ್ಣೀರಿನ ಅತಿ ತೆಳುವಾದ ಪೊರೆಯೊಂದಿದೆ: ಒಳಗೆ ಲೋಳೆ, ನಡುವೆ ನೀರು, ಮೇಲೆ ನೀರು ಆರದಂತೆ ಕಾಯುವ ಎಣ್ಣೆ. ಆ ಎಣ್ಣೆ ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುತ್ತದೆ. ಪ್ರತಿ ಸಲ ರೆಪ್ಪೆ ಮುಚ್ಚಿ ತೆರೆದಾಗ, ಗೋಡೆಗೆ ಸುಣ್ಣ ಬಳಿದಂತೆ, ಈ ಪೊರೆ ಹೊಸದಾಗಿ ಹರಡುತ್ತದೆ. ಎವೆಯಿಕ್ಕುವುದು ತಡವಾದರೆ ಪೊರೆ ಅಲ್ಲಲ್ಲಿ ಹರಿದು ಕಣ್ಣು ಬಯಲಾಗುತ್ತದೆ. ಉರಿ, ಮಸುಕು ಆರಂಭವಾಗುತ್ತವೆ. ಒಣಗಿದ ಕಣ್ಣು ಗಾಬರಿಗೊಂಡು ನೀರನ್ನು ಸುರಿಸುತ್ತದೆ. ಒಣಗಿದ್ದಕ್ಕೇ ನೀರು ಬರುವ ಈ ವಿಪರ್ಯಾಸ ತಿಳಿಯದೆ ನಾನು ಕರವಸ್ತ್ರದಿಂದ ಕಣ್ಣುಜ್ಜಿ ಇನ್ನಷ್ಟು ಕೆಡಿಸಿಕೊಳ್ಳುತ್ತಿದ್ದೆ. ಮುಖಕ್ಕೆ ನೇರವಾಗಿ ಬೀಸುವ ಫ್ಯಾನು, ಹವಾನಿಯಂತ್ರಣದ ಒಣಗಾಳಿ, ಇವು ಬೆಂಕಿಗೆ ತುಪ್ಪ ಸುರಿದಂತೆ. ತೆರೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಇರಬೇಕೆಂದು ಹೇಳುವುದಕ್ಕೆ ಕತ್ತಿನಷ್ಟೇ ಇದೂ ಕಾರಣ. ಕೆಳನೋಟದಲ್ಲಿ ರೆಪ್ಪೆ ಅರ್ಧ ಇಳಿದು ಕಣ್ಣಿಗೆ ಸೂರಾಗುತ್ತದೆ. ಮೇಲ್ನೋಟದಲ್ಲಿ ಕಣ್ಣು ಅಗಲವಾಗಿ ತೆರೆದು ಬೇಗ ಆರುತ್ತದೆ.

ತೆರೆಯಿಂದ ಹೊರಡುವ ಕಿರಣಗಳೇ ಕಣ್ಣನ್ನು ಸುಡುತ್ತವೆಂಬ ನಂಬಿಕೆ ನನ್ನಲ್ಲೂ ಇತ್ತು. ಹಿಂದಿನ ಡುಬ್ಬದ ಮಾನಿಟರುಗಳಲ್ಲಿ ಸಾವಿರಾರು ವೋಲ್ಟಿನ ಒತ್ತಡದಲ್ಲಿ ಕೆಲಸ ಮಾಡುವ ಚಿತ್ರನಾಳವಿರುತ್ತಿತ್ತು. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತಿದ್ದುದರಿಂದ ಅದರ ಬೆನ್ನನ್ನು ಬಿಚ್ಚುವುದು ನಿಜಕ್ಕೂ ಅಪಾಯವಾಗಿತ್ತು. ಇಂದಿನ ಚಪ್ಪಟೆ ತೆರೆಯಲ್ಲಿ ಆ ನಾಳವೇ ಇಲ್ಲ. ಈಗ ಅದರ ಸ್ಥಾನಕ್ಕೆ ನೀಲಿ ಬೆಳಕಿನ ಭಯ ಬಂದಿದೆ. ಹಗಲು ಅಂಗಳಕ್ಕೆ ಬಂದರೆ ಆಕಾಶದಿಂದ ಸಿಗುವ ನೀಲಿ ಬೆಳಕಿನ ಮುಂದೆ ತೆರೆಯದು ಬಲು ಅಲ್ಪ. ನೀಲಿ ಬೆಳಕನ್ನು ತಡೆಯುವ ಕನ್ನಡಕಗಳ ಮೇಲಿನ 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಕಣ್ಣಿನ ಆಯಾಸವನ್ನು ಅವು ಸಾಮಾನ್ಯ ಕನ್ನಡಕಕ್ಕಿಂತ ಹೆಚ್ಚಾಗಿ ಕಡಮೆ ಮಾಡಲಾರವೇನೋ ಎಂಬುದೇ ಅದರ ಇಂಗಿತ. ಆದರೂ ಮಲಗುವ ಹೊತ್ತಿನಲ್ಲಿ ಪ್ರಖರವಾದ ತೆರೆಯನ್ನು ನೋಡುತ್ತಿದ್ದರೆ ನಿದ್ರೆ ದೂರವಾಗುತ್ತದೆ. ಅದು ಬೇರೆಯ ಮಾತು.

ಹಾಗಾದರೆ ತಪ್ಪು ಎಲ್ಲಿದೆ? ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಲ್ಯಾಟಿನ್ ಗ್ರಂಥವೊಂದನ್ನು ಪ್ರಕಟಿಸಿ, 1713ರಲ್ಲಿ ಅದನ್ನು ವಿಸ್ತರಿಸಿದನು. ಬರವಣಿಗೆಯವರ ಬೇನೆಗಳಿಗೆ ಅವನು ಕಂಡ ಕಾರಣಗಳು ಮೂರು: ಬಿಡದೆ ಕೂತಿರುವುದು, ಕೈಯ ಒಂದೇ ಬಗೆಯ ನಿರಂತರ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಬಿಗಿತ. ಗರಿಗೋಲು ಹೋಗಿ ಕೀಲಿಮಣೆ ಬಂದರೂ ಈ ಮೂರರಲ್ಲಿ ಒಂದೂ ಬದಲಾಗಿಲ್ಲ. ತೆರೆಯ ಬೆಳಕಿಗಿಂತ ನಮ್ಮ ನಿಶ್ಚಲತೆಯೇ ನಮಗೆ ಹೆಚ್ಚು ಕೇಡು ಮಾಡುತ್ತದೆ.

ವೈದ್ಯರ ಸಲಹೆಯಂತೆ ಮನೆಯಲ್ಲಿ ನಾನು ಮಾಡಿಕೊಂಡ ಮಾರ್ಪಾಟುಗಳನ್ನು ಹೇಳುತ್ತೇನೆ. ಇವಕ್ಕೆ ಹೆಚ್ಚು ಹಣ ಬೇಡ. ಮೊದಲು ಮೇಜನ್ನು ತಿರುಗಿಸಿದೆ. ಕಿಟಕಿ ಬೆನ್ನಿಗಿದ್ದರೆ ಅದರ ಪ್ರತಿಬಿಂಬ ತೆರೆಯ ಮೇಲೆ ಬೀಳುತ್ತದೆ, ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ, ಕಿಟಕಿ ಪಕ್ಕಕ್ಕಿರಬೇಕು. ತೆರೆಯನ್ನು ಆರಿಸಿ ನೋಡಿ: ಆ ಕಪ್ಪು ಗಾಜಿನಲ್ಲಿ ಟ್ಯೂಬ್‌ಲೈಟೋ ಬಾಗಿಲೋ ಕಂಡರೆ, ಕೆಲಸದ ಹೊತ್ತಿನಲ್ಲಿ ಅಕ್ಷರಗಳ ನಡುವೆ ಅದೂ ಕೂತಿರುತ್ತದೆ. ಬಳಿಕ ಒಂದು ಬಿಳಿ ಕಾಗದವನ್ನು ತೆರೆಯ ಪಕ್ಕದಲ್ಲಿ ಹಿಡಿಯಿರಿ. ತೆರೆ ದೀಪದಂತೆ ಹೊಳೆದರೆ ಪ್ರಕಾಶ ಹೆಚ್ಚಾಯಿತು, ಮಂಕಾಗಿ ಕಂಡರೆ ಕಡಮೆಯಾಯಿತು. ಕತ್ತಲ ಕೋಣೆಯಲ್ಲಿ ತೆರೆಯೊಂದನ್ನೇ ಬೆಳಗಿಸಿಕೊಂಡು ಕೂರುವ ಅಭ್ಯಾಸವನ್ನು ಬಿಟ್ಟೆ. ಅಕ್ಷರವನ್ನು ದೊಡ್ಡದು ಮಾಡಿಕೊಂಡೆ. ಕನ್ನಡಕ್ಕೆ ಇದು ಬಹಳ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಅಡಗಿ ಕೂರುತ್ತವೆ. ದಣಿದ ಕಣ್ಣು ಮೊದಲು ಕಳೆದುಕೊಳ್ಳುವುದು ಅವನ್ನೇ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತೊಡಕಿದೆ. ತೆರೆಯೂ ಕೀಲಿಮಣೆಯೂ ಅಂಟಿಕೊಂಡಿರುವುದರಿಂದ, ಕೈಗೆ ಹಿತವಾದ ಎತ್ತರ ಕತ್ತಿಗೆ ತಗ್ಗಾಗುತ್ತದೆ. ಬೇರೊಂದು ಕೀಲಿಮಣೆಯನ್ನು ತಂದು ಜೋಡಿಸಿ, ಯಂತ್ರವನ್ನು ಎತ್ತರಿಸಬೇಕು. ನಾನು ದಪ್ಪನೆಯ ನಿಘಂಟಿನ ಎರಡು ಸಂಪುಟಗಳ ಮೇಲೆ ಅದನ್ನಿಟ್ಟಾಗ ನನ್ನಾಕೆ, "ಸರಸ್ವತಿಯ ತಲೆಯ ಮೇಲೆ ಯಂತ್ರ ಇಡುತ್ತೀರಾ? ತೆಗೀರಿ ಅದನ್ನ" ಎಂದು ಅಡುಗೆಮನೆಯಿಂದ ಎರಡು ಊಟದ ಮಣೆಗಳನ್ನು ತಂದುಕೊಟ್ಟಳು. ಅಟ್ಟದ ಮೇಲಿದ್ದ ನಮ್ಮ ತಂದೆಯವರ ವ್ಯಾಸಪೀಠವೂ ಕೆಳಗಿಳಿಯಿತು. ಅವರು ಅದರ ಮೇಲೆ ಭಾರತವನ್ನಿಟ್ಟು ಓದುತ್ತಿದ್ದರು. ಗ್ರಂಥವನ್ನು ಓರೆಯಾಗಿ ಕಣ್ಣಿನತ್ತ ಎತ್ತಿ ಹಿಡಿಯುವ ಆ ಸಾಧನವನ್ನು ತೆರೆಯ ಮಗ್ಗುಲಲ್ಲೇ, ಅಷ್ಟೇ ದೂರಕ್ಕೆ ಇಟ್ಟು ಈಗ ಅದರ ಮೇಲೆ ಹಸ್ತಪ್ರತಿ ಇಡುತ್ತೇನೆ. ಮೇಜಿನ ಮೇಲಿನ ಹಾಳೆಗೂ ಎದುರಿನ ತೆರೆಗೂ ದಿನಕ್ಕೆ ಸಾವಿರ ಸಲ ಕತ್ತು ಬಾಗಿಸುವುದು ತಪ್ಪಿತು.

ತೆರೆ ಕಣ್ಣಿನಿಂದ 50ರಿಂದ 70 ಸೆಂಟಿಮೀಟರ್ ದೂರವಿರಲಿ. ಪಾದ ನೆಲಕ್ಕೆ ಊರಿರಲಿ, ಊರದಿದ್ದರೆ ಕೆಳಗೊಂದು ಮಣೆ ಇರಲಿ. ಮೊಳಕೈ ಮೈಗೆ ಸಮೀಪವಿರಲಿ. ಆದರೆ ಎಷ್ಟೇ ಒಳ್ಳೆಯ ಭಂಗಿಯೂ ಗಂಟೆಗಟ್ಟಲೆ ಕದಲದಿದ್ದರೆ ಕೆಟ್ಟ ಭಂಗಿಯೇ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸೂತ್ರವೊಂದಿದೆ. ದೂರ ನೋಡುವಾಗ ಮಸೂರವನ್ನು ಬಿಗಿಹಿಡಿದಿದ್ದ ಸ್ನಾಯು ಸಡಿಲಗೊಳ್ಳುತ್ತದೆ. ನಮ್ಮ ಕಿಟಕಿಯಾಚೆ ಒಂದು ಹೊಂಗೆಮರವಿದೆ. ಅದರ ತುದಿಯನ್ನು ನೋಡಿ ನಾಲ್ಕೈದು ಸಲ ಕಣ್ಣನ್ನು ಪೂರ್ತಿ ಮುಚ್ಚಿ ತೆರೆಯುತ್ತೇನೆ. ಗಂಟೆಗೊಮ್ಮೆ ಎದ್ದು ಹಿತ್ತಲವರೆಗೆ ನಡೆಯುತ್ತೇನೆ. ಹೀಗೆ ಮಾಡಿಯೂ ಕೈಬೆರಳು ಜೋಮು ಹಿಡಿಯುತ್ತಿದ್ದರೆ, ಒಂದು ಎರಡಾಗಿ ಕಂಡರೆ, ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ದೃಷ್ಟಿ ಇದ್ದಕ್ಕಿದ್ದಂತೆ ಕುಂದಿದರೆ ಮನೆಮದ್ದಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಅದು ತೆರೆಯ ದಣಿವಲ್ಲದೆ ಬೇರೆ ರೋಗವಿರಬಹುದು.

ನನ್ನ ಕತ್ತು ಎರಡು ತಿಂಗಳಲ್ಲಿ ಹಗುರಾಯಿತು; ಕಣ್ಣುರಿ ಅದಕ್ಕೂ ಮೊದಲೇ ಇಳಿಯಿತು. ಕೆಲಸ ನಿಧಾನವಾದೀತೆಂದು ಹೆದರಿದ್ದೆ. ಹಾಗಾಗಲಿಲ್ಲ, ತಪ್ಪುಗಳು ಈಗ ನನಗೆ ಮೊದಲಿಗಿಂತ ಬೇಗ ಕಾಣಿಸುತ್ತವೆ. ಒಪ್ಪೋಲೆಯೊಂದನ್ನು ಅಚ್ಚು ಹಾಕಿಸಿ ಪುಸ್ತಕದೊಳಗೆ ಅಂಟಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮಾರಾಟವಾಗದೆ ಉಳಿದಿದ್ದ ಪ್ರತಿಗಳನ್ನೆಲ್ಲ ಮನೆಗೆ ತರಿಸಿ, ಜಗಲಿಯ ಬೆಳಕಿನಲ್ಲಿ ಕೂತು, ಆ ತಾಯಿಯ ಹೆಸರಿನ ಕೆಳಗೆ ಬಿದ್ದುಹೋಗಿದ್ದ ಒತ್ತನ್ನು ಕಪ್ಪು ಮಸಿಯಲ್ಲಿ ಒಂದೊಂದಾಗಿ ಬರೆದೆ. ನಾಲ್ಕು ದಿನ ಹಿಡಿಯಿತು. ನಡುನಡುವೆ ಎದ್ದು ಹೊಂಗೆಮರವನ್ನು ನೋಡಿ ಬರುತ್ತಿದ್ದೆ.