ಅಮ್ಮನ ಕೀಲುನೋವಿಗೆ ಹಾರ್ಮೋನ್ ಬೇಕಾ, ಬೇಡ್ವಾ?

ಇವತ್ತಿನ ವಿಷಯ ನಿಮ್ಮದಲ್ಲ, ನಿಮ್ಮಮ್ಮಂದು. ಆದ್ರೆ ಕೇಳಿಸ್ಕೊಳ್ಳಬೇಕಾದವರು ನೀವೇ. ಯಾಕಂದ್ರೆ ಮನೆಯಲ್ಲಿ ಔಷಧಿ ಚೀಟಿಯನ್ನ ಗೂಗಲ್ ಮಾಡೋದು ನೀವು, ಡಾಕ್ಟರ್ ಮುಂದೆ ಅಮ್ಮನ ಪಕ್ಕ ಕೂರೋದೂ ನೀವು.

ನಮ್ಮೂರು ಶಾಂತಿಗ್ರಾಮ. ಬೆಂಗಳೂರಿಂದ ಹಾಸನಕ್ಕೆ ಹೋಗೋವಾಗ ಊರಿಗಿಂತ ಮುಂಚೆ ಟೋಲ್ ಸಿಗುತ್ತಲ್ಲ, ಅಲ್ಲೇ. ಹೊಯ್ಸಳರ ಶಾಂತಲೆಯ ಹೆಸರಿನ ಊರು ಅಂತ ನಾವೆಲ್ಲ ಹೆಮ್ಮೆ ಪಡ್ತೀವಿ, ಟೋಲ್ ಕಟ್ಟೋರಿಗೆ ಅದ್ಯಾವುದೂ ಗೊತ್ತಿರಲ್ಲ. ಇರಲಿ.

ಅಮ್ಮನಿಗೆ 51. ಮುಟ್ಟು ನಿಂತು ಎರಡು ವರ್ಷ. ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಫೋನಲ್ಲಿ ಒಂದು ಮಾತು ಹೇಳಿದ್ರು: "ಬೆಳಿಗ್ಗೆ ಎದ್ರೆ ಕೈ ಬೆರಳು ನಂದಲ್ಲ ಅನ್ಸುತ್ತೆ ಕಣೆ, ಮುದ್ದೆ ಕೋಲು ಹಿಡಿಯಕ್ಕಾಗಲ್ಲ." ನಾನು ವಯಸ್ಸಾಯ್ತಲ್ಲಮ್ಮ ಅಂದೆ. ಆ ಮಾತು ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. 51 ಏನು ವಯಸ್ಸು?

ಆಮೇಲೆ ರಜೆಗೆ ಊರಿಗೆ ಹೋದಾಗ ಗೊತ್ತಾಯ್ತು. ಮಂಡಿ, ಭುಜ, ಬೆರಳು, ಎಲ್ಲಾ ಕಡೆ ನೋವು. ರಾತ್ರಿ ಎರಡು ಗಂಟೆಗೆ ಬೆವೆತು ಎದ್ದು ಕೂರ್ತಾರೆ, ಆಮೇಲೆ ನಿದ್ದೆ ಇಲ್ಲ. ಅಂಗಡಿಯಿಂದ ತಂದ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು ಅಕ್ಕಿ ಡಬ್ಬದ ಹಿಂದೆ. ಎಣಿಸಿದೆ, ಹನ್ನೊಂದು. ಡಾಕ್ಟರ್ ಹೇಳದೆ ಇಂಥ ಮಾತ್ರೆಗಳನ್ನ ತಿಂಗಳುಗಟ್ಟಲೆ ನುಂಗಿದ್ರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಕಿಡ್ನಿಗೆ ಏಟು. "ಹಾರ್ಮೋನ್ ಅಂದ್ರೆ ಭಯ" ಅನ್ನೋ ನಮ್ಮ ಮನೆಯಲ್ಲಿ ಇದಕ್ಕೆ ಯಾರಿಗೂ ಭಯ ಇರಲಿಲ್ಲ ನೋಡಿ.

ಸರಿ, ಮೊದಲು ವಿಷಯ ಏನು ಅಂತ ನೋಡೋಣ. ಈಸ್ಟ್ರೊಜೆನ್ ಅಂದ್ರೆ ಬರೀ ಮುಟ್ಟಿಗೆ ಸಂಬಂಧಪಟ್ಟದ್ದು ಅಂತ ಶಾಲೆಯಲ್ಲಿ ಓದಿದ್ವಿ. ಅದು ಮೂಳೆ, ಮೃದ್ವಸ್ಥಿ, ಕೀಲಿನ ಒಳಪದರ, ಸ್ನಾಯು ಎಲ್ಲಾ ಕಡೆ ಕೆಲಸ ಮಾಡುತ್ತೆ, ಉರಿಯೂತವನ್ನ ಹದದಲ್ಲಿ ಇಡುತ್ತೆ. ಮುಟ್ಟು ನಿಲ್ಲೋ ಆಸುಪಾಸಿನಲ್ಲಿ ಅದು ಕುಸಿದಾಗ ಕೀಲುಗಳು ದೂರು ಹೇಳೋಕೆ ಶುರು ಮಾಡ್ತವೆ. ಇದಕ್ಕೊಂದು ಬಲವಾದ ಸುಳಿವು ಸ್ತನ ಕ್ಯಾನ್ಸರ್ ವಾರ್ಡಿಂದ ಬರುತ್ತೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಅನ್ನೋ ಔಷಧಿಗಳು ದೇಹದಲ್ಲಿ ಉಳಿದ ಅಷ್ಟಿಷ್ಟು ಈಸ್ಟ್ರೊಜೆನ್ನನ್ನೂ ಇಳಿಸಿಬಿಡ್ತವೆ. ಅವನ್ನ ತಗೊಳ್ಳೋ ಹೆಂಗಸರಲ್ಲಿ ಬಹಳ ಜನ ಹೇಳೋ ಮೊದಲ ತೊಂದರೆ ಕೀಲುನೋವು. 2024ರಲ್ಲಿ ಅಮೆರಿಕದ ಮೂಳೆ ತಜ್ಞೆ ವೊಂಡಾ ರೈಟ್ ಮತ್ತು ಜೊತೆಗಾರರು ಈ ನೋವಿನ ಗುಂಪಿಗೇ ಒಂದು ಹೆಸರು ಕೊಟ್ಟು ಲೇಖನ ಬರೆದರು. ಆಮೇಲೆ ಇನ್‌ಸ್ಟಾಗ್ರಾಂ ತುಂಬಾ ಅದೇ. ನಿಮ್ಮ ಫೀಡಿಗೂ ಬಂದಿರಬಹುದು.

ಹಾಗಾದ್ರೆ ಈಸ್ಟ್ರೊಜೆನ್ ಕಮ್ಮಿಯಾಗಿ ನೋವು ಬಂತು, ಈಸ್ಟ್ರೊಜೆನ್ ಕೊಟ್ರೆ ನೋವು ಹೋಗುತ್ತೆ. ಲೆಕ್ಕ ಸರಿ ಇದೆ ಅಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಈಗ ಸ್ವಲ್ಪ ನಿಧಾನಕ್ಕೆ ಕೇಳಿ, ಇಲ್ಲಿ ಅಂಕಿ ಇದೆ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ ನಡೀತು. ಗರ್ಭಕೋಶ ಇರೋ 16,608 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಎರಡು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ. ಶುರುವಿನಲ್ಲೇ ಕೀಲುನೋವು ಇದ್ದವರನ್ನ ಒಂದು ವರ್ಷ ಆದಮೇಲೆ ಕೇಳಿದಾಗ, ಹಾರ್ಮೋನ್ ತಗೊಂಡವರಲ್ಲಿ ನೂರಕ್ಕೆ 47 ಜನ ಕಮ್ಮಿ ಆಯ್ತು ಅಂದ್ರು. ಹುಸಿ ಮಾತ್ರೆ ತಗೊಂಡವರಲ್ಲಿ? 38 ಜನ. ಅಂದ್ರೆ ಏನೂ ಇಲ್ಲದ ಮಾತ್ರೆಗೇ 38 ಜನಕ್ಕೆ ಗುಣ ಕಂಡಿದೆ. ಹಾರ್ಮೋನಿಂದ ಹೆಚ್ಚುವರಿಯಾಗಿ ಲಾಭ ಆಗಿದ್ದು ನೂರಕ್ಕೆ 9 ಜನಕ್ಕೆ. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೊಜೆನ್ ತಗೊಂಡ ಗುಂಪಿನಲ್ಲಿ ವ್ಯತ್ಯಾಸ ಇನ್ನೂ ಸಣ್ಣದು. ವರ್ಷದ ಕೊನೆಗೆ ಹಾರ್ಮೋನ್ ಕಡೆ ನೂರಕ್ಕೆ 76 ಜನಕ್ಕೆ ಕೀಲುನೋವು ಇತ್ತು, ಹುಸಿ ಮಾತ್ರೆ ಕಡೆ 79. ಮೂರು ಜನದ ಅಂತರ.

ಅದೇ ಅಧ್ಯಯನದಲ್ಲಿ ಮೈ ಬಿಸಿಯೇರೋ ತೊಂದರೆ ಇದ್ದವರನ್ನ ನೋಡಿ. ಹಾರ್ಮೋನ್ ತಗೊಂಡವರಲ್ಲಿ 86 ಜನಕ್ಕೆ ಗುಣ, ಹುಸಿ ಮಾತ್ರೆಯಲ್ಲಿ 58. ಅಲ್ಲಿ ಔಷಧಿ ಎದ್ದು ಕಾಣುತ್ತೆ, ಕೀಲಿನ ವಿಷಯದಲ್ಲಿ ಅಷ್ಟು ಕಾಣಲ್ಲ. ಬೆವರು, ಬಿಸಿಗೆ ಇದು ಒಪ್ಪಿತ ಚಿಕಿತ್ಸೆ. ಬರೀ ಕೀಲುನೋವಿಗೆ ಅಂತ ಇದಕ್ಕೆ ಒಪ್ಪಿಗೆ ಇಲ್ಲ. ರೀಲ್ಸ್ ನೋಡಿದ್ರೆ ಇದು ಗೊತ್ತಾಗಲ್ಲ.

ಇನ್ನು ಭಯದ ವಿಷಯ. ಅಪಾಯ ಜಾಸ್ತಿ ಅಂತ 2002ರ ಜುಲೈನಲ್ಲಿ ಇದೇ ಅಧ್ಯಯನದ ಆ ಭಾಗವನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಸ್ತನ ಕ್ಯಾನ್ಸರ್ ಶೇ 26 ಹೆಚ್ಚಳ ಅಂತ ಜಗತ್ತೆಲ್ಲ ಸುದ್ದಿ. ಶೇ 26 ಅಂದ್ರೆ ನೂರಕ್ಕೆ 26 ಜನಕ್ಕೆ ಕ್ಯಾನ್ಸರ್ ಅಂತ ಅಲ್ಲ. ಹುಸಿ ಮಾತ್ರೆಯವರಲ್ಲಿ ವರ್ಷಕ್ಕೆ 10,000ಕ್ಕೆ 30 ಜನ, ಹಾರ್ಮೋನ್‌ನವರಲ್ಲಿ 38. ಹತ್ತು ಸಾವಿರಕ್ಕೆ ಎಂಟು ಜನ ಜಾಸ್ತಿ. ಆ ಎಂಟರಲ್ಲಿ ಒಬ್ಬರು ನಿಮ್ಮಮ್ಮ ಆದ್ರೆ ಅದು ಸಣ್ಣದಲ್ಲ, ಒಪ್ಪುತ್ತೀನಿ. ಆದ್ರೆ ನಿರ್ಧಾರ ಮಾಡೋವಾಗ 26 ಅನ್ನೋ ಅಂಕಿ ತಲೇಲಿ ಇರೋದಕ್ಕೂ 8 ಅನ್ನೋ ಅಂಕಿ ಇರೋದಕ್ಕೂ ವ್ಯತ್ಯಾಸ ಇದೆ. ಸೊಂಟದ ಮೂಳೆ ಮುರಿತ ಹತ್ತು ಸಾವಿರಕ್ಕೆ ಐದು ಕಮ್ಮಿಯಾಗಿತ್ತು, ಅದು ಸುದ್ದಿಯಾಗಲಿಲ್ಲ.

ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಕೊಟ್ಟ ಈಸ್ಟ್ರೊಜೆನ್ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದು. ಹೌದು, ಕುದುರೆ. ಅಮ್ಮನಿಗೆ ಇದನ್ನ ಹೇಳಿದಾಗ ಅರ್ಧ ಗಂಟೆ ನಕ್ಕರು. ಈಗ ನಮ್ಮಲ್ಲಿ ಸಿಗೋ ಎಸ್ಟ್ರಾಡಯೋಲ್ ನಮ್ಮ ದೇಹದಲ್ಲಿ ಇರೋದೇ ಅಣು, ಮಾತ್ರೆಯಾಗಿ ಅಥವಾ ಚರ್ಮಕ್ಕೆ ಹಚ್ಚೋ ಜೆಲ್ ಆಗಿ ಬರುತ್ತೆ. 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದ್ರೆ ಲಾಭದ ತಕ್ಕಡಿ ಭಾರ, ತಡವಾದಷ್ಟೂ ಅಪಾಯದ ಕಡೆ ವಾಲುತ್ತೆ ಅನ್ನೋದು ಈಗಿನ ತಿಳಿವಳಿಕೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಿಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನ ತೆಗೆಸ್ತೀವಿ ಅಂತ ಘೋಷಿಸಿತು. ಅದನ್ನ ಓದಿ "ಅಪಾಯವೇ ಇಲ್ಲ" ಅಂತ ಕುಣಿಯೋದೂ ತಪ್ಪೇ.

ಅಮ್ಮನ ಭಯ ಕ್ಯಾನ್ಸರ್ ಅಲ್ಲ, ಹಾರ್ಟು. ಹಾಸನದವರಿಗೆ ಹೇಳಬೇಕಿಲ್ಲ. 2025ರ ಜೂನ್‌ನಲ್ಲಿ ದಿನಾ ಒಂದೊಂದು ಹೃದಯಾಘಾತದ ಸುದ್ದಿ ಬಂದು, ಜನ ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿದ್ರಲ್ಲ. ಸರ್ಕಾರದ ತಜ್ಞರ ಸಮಿತಿ ಅಸಹಜ ಏರಿಕೆ ಏನಿಲ್ಲ ಅಂತ ಆಮೇಲೆ ಹೇಳಿದ್ರೂ ಭಯ ಹೋಗಿಲ್ಲ. ಅಮ್ಮನಿಗೆ ಬಿಪಿ ಬೇರೆ ಇದೆ. ಹಾಗಾಗಿ ಡಾಕ್ಟರ್ ಹತ್ತಿರ ನಾನು ಮೊದಲು ಕೇಳಿದ್ದೇ ಇದನ್ನ. ನುಂಗೋ ಈಸ್ಟ್ರೊಜೆನ್ ಲಿವರ್ ಮೂಲಕ ಹಾಯುತ್ತೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸೋ ಅಂಶಗಳು ಏರ್ತವೆ. ಚರ್ಮದ ಮೂಲಕ ಹೋಗೋದಕ್ಕೆ ಆ ದಾರಿ ಇಲ್ಲ, ಅದಕ್ಕೇ ಹೆಪ್ಪುಗಟ್ಟೋ ಅಪಾಯ ಅದರಲ್ಲಿ ಹೆಚ್ಚಿದ್ದು ಕಂಡಿಲ್ಲ. ಬಿಪಿ ಹತೋಟಿಯಲ್ಲಿರಬೇಕು, ಅದು ಷರತ್ತು.

ಯಾರಿಗೆ ಬೇಡವೇ ಬೇಡ ಅಂತಲೂ ಹೇಳಿಬಿಡ್ತೀನಿ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಲಕ್ವ ಆದವರು, ಲಿವರ್ ಕಾಯಿಲೆ ಇರೋರು, ಮುಟ್ಟು ನಿಂತಮೇಲೆ ಮತ್ತೆ ರಕ್ತ ಕಂಡು ಕಾರಣ ಗೊತ್ತಾಗದೆ ಇರೋರು. ಗರ್ಭಕೋಶ ಇದ್ರೆ ಬರೀ ಈಸ್ಟ್ರೊಜೆನ್ ಕೊಡೋ ಹಾಗಿಲ್ಲ, ಜೊತೆಗೆ ಪ್ರೊಜೆಸ್ಟರಾನ್ ಬೇಕೇಬೇಕು. ಇಲ್ಲಾಂದ್ರೆ ಗರ್ಭಕೋಶದ ಒಳಪದರ ದಪ್ಪ ಆಗಿ ಕ್ಯಾನ್ಸರ್ ಆಗಬಹುದು.

ಆದ್ರೆ ಹಾರ್ಮೋನ್ ಬೇಕಾ ಅನ್ನೋಕೆ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಇದು ಮುಟ್ಟು ನಿಂತದ್ದರ ನೋವೇನಾ? ನಮ್ಮ ಜಿಲ್ಲೆಯಲ್ಲಂತೂ ಕೀಲು ಹಿಡಿಯೋಕೆ ಬೇರೆ ನೂರು ಕಾರಣ ಇದೆ. ಅರಸೀಕೆರೆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. 2006ರಲ್ಲಿ ರಾಜ್ಯಕ್ಕೆಲ್ಲ ಹರಡಿದ ಚಿಕೂನ್‌ಗುನ್ಯಾ ಬಂದು ಹೋದವರು ತಿಂಗಳುಗಟ್ಟಲೆ ಕುಂಟಿದ್ದು ನೆನಪಿದೆಯಲ್ಲ. ಥೈರಾಯ್ಡ್, ವಿಟಮಿನ್ ಡಿ ಕೊರತೆ. ಎಲ್ಲಕ್ಕಿಂತ ಮುಖ್ಯ ರುಮಟಾಯ್ಡ್ ಸಂಧಿವಾತ. ಅದೂ ಈ ವಯಸ್ಸಿನ ಹೆಂಗಸರಲ್ಲೇ ಜಾಸ್ತಿ, ಅದೂ ಬೆಳಿಗ್ಗೆ ಬೆರಳುಗಳನ್ನೇ ಹಿಡಿಯುತ್ತೆ. ಬಿಗಿತ ಬಿಡೋಕೆ ಒಂದು ಗಂಟೆ ಆಗುತ್ತಾ? ಗೆಣ್ಣು ಊದಿ ಬಿಸಿ ಇದೆಯಾ? ಎರಡೂ ಕೈಯಲ್ಲಿ ಒಂದೇ ಥರ ಇದೆಯಾ? ಇದ್ರೆ ತಡ ಮಾಡಬೇಡಿ. ಹಾರ್ಮೋನ್ ಕೊಟ್ಟು ಆರು ತಿಂಗಳು ಕಾದ್ರೆ ಅಷ್ಟರಲ್ಲಿ ಕೀಲು ಸವೆದಿರುತ್ತೆ, ಅದು ವಾಪಸ್ ಬರಲ್ಲ.

ಅಮ್ಮನಿಗೆ ಬಿಗಿತ ಕಾಲು ಗಂಟೆಯಲ್ಲಿ ಬಿಡ್ತಿತ್ತು, ಊತ ಇರಲಿಲ್ಲ. ಆದ್ರೂ ಇಎಸ್‌ಆರ್, ಸಿಆರ್‌ಪಿ, ಆಂಟಿ ಸಿಸಿಪಿ, ಟಿಎಸ್‌ಎಚ್, ವಿಟಮಿನ್ ಡಿ ಎಲ್ಲ ಮಾಡಿಸಿದ್ವಿ. ಹಾಸನಕ್ಕೆ ಮೂರು ಸಲ ಓಡಾಟ. ಶಕ್ತಿ ಯೋಜನೆ ಇರೋದ್ರಿಂದ ಇಬ್ಬರಿಗೂ ಬಸ್ ಚಾರ್ಜ್ ಇಲ್ಲ, ಆ ದುಡ್ಡಲ್ಲಿ ಮಸಾಲೆ ದೋಸೆ. ವಿಟಮಿನ್ ಡಿ ತೀರಾ ಕಮ್ಮಿ ಬಂತು. ಉಳಿದದ್ದು ಸರಿ ಇತ್ತು. ಬಲ ಮಂಡಿ ಎಕ್ಸ್‌ರೇಯಲ್ಲಿ ಮಾತ್ರ ಸವೆತ.

ಡಾಕ್ಟರಮ್ಮ ಹೇಳಿದ್ದು ನೇರವಾಗಿತ್ತು. ಬರೀ ಮಂಡಿನೋವು ಅಂತ ಬಂದಿದ್ರೆ ನಾನು ಹಾರ್ಮೋನ್ ಬರೀತಿರಲಿಲ್ಲ, ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ತೂಕ, ಹಚ್ಚೋ ಮುಲಾಮು ಅಷ್ಟೇ. ನಿಮಗೆ ರಾತ್ರಿ ಬೆವರು, ನಿದ್ದೆಗೇಡು ಇದೆ, ಅದಕ್ಕೆ ಕೊಡ್ತೀನಿ. ಜೊತೆಗೆ ಕೀಲು ಸುಧಾರಿಸಿದ್ರೆ ಲಾಭ. ಮೂರು ತಿಂಗಳು ನೋಡೋಣ, ಏನೂ ಆಗದಿದ್ರೆ ನಿಲ್ಲಿಸೋಣ. ಅದಕ್ಕೆ ಮುಂಚೆ ಮ್ಯಾಮೊಗ್ರಾಮ್.

ಇಷ್ಟೆಲ್ಲ ಹೇಳಿ, ನಮ್ಮ ಚಿಕ್ಕಮ್ಮನ ವಿಷಯ ಬಿಟ್ರೆ ತಪ್ಪಾಗುತ್ತೆ. ಅವರು ಹೊಳೆನರಸೀಪುರ ತಾಲ್ಲೂಕಲ್ಲಿ ಇರೋದು. 36ನೇ ವಯಸ್ಸಿಗೆ ಬಿಳಿಸೆರಗು ಅಂತ ಹೋದವರಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದು ಕಳಿಸಿದ್ರು. 38ಕ್ಕೇ ಮೈಕೈ ನೋವು ಶುರು. ಎಂಟು ವರ್ಷ ಆದಮೇಲೆ, ಅಮ್ಮನ ಜೊತೆ ಬಂದಾಗ ಸ್ಕ್ಯಾನ್ ಮಾಡಿಸಿದ್ರೆ ಎರಡು ಅಂಡಾಶಯವೂ ಇಲ್ಲ. ಅವರಿಗೇ ಗೊತ್ತಿಲ್ಲ! ಇಂಥವರ ಲೆಕ್ಕವೇ ಬೇರೆ. ಅಂಡಾಶಯ ತೆಗೆದ ದಿನವೇ ಈಸ್ಟ್ರೊಜೆನ್ ನಿಂತುಹೋಗುತ್ತೆ, ಮೂಳೆಗೂ ಹೃದಯಕ್ಕೂ ಬೇಗ ಪೆಟ್ಟು ಬೀಳುತ್ತೆ. ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನವರೆಗೂ ಹಾರ್ಮೋನ್ ಕೊಡೋದೇ ಸಾಮಾನ್ಯ ಸಲಹೆ, ನೋವು ಇರಲಿ ಬಿಡಲಿ. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟರಾನ್ ಕೂಡ ಬೇಕಿಲ್ಲ. 2002ರ ಆ ಕ್ಯಾನ್ಸರ್ ಅಂಕಿ ಇವರಿಗೆ ಅನ್ವಯಿಸೋದೂ ಇಲ್ಲ, ಬರೀ ಈಸ್ಟ್ರೊಜೆನ್ ತಗೊಂಡ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಕಲಬುರಗಿಯ ತಾಂಡಾಗಳಲ್ಲಿ ಇಂಥ ಆಪರೇಷನ್ ಆದ ಹೆಂಗಸರ ಸುದ್ದಿ ಓದುವಾಗ ಅದು ದೂರದ್ದು ಅನ್ಕೊಂಡಿದ್ದೆ, ಚಿಕ್ಕಮ್ಮನ ಮನೆಯಲ್ಲೇ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಆಪರೇಷನ್ ಆಗಿದ್ರೆ ಡಿಸ್ಚಾರ್ಜ್ ಕಾರ್ಡ್ ಹುಡುಕಿ, ಏನೇನು ತೆಗೆದಿದ್ದಾರೆ ಓದಿ. ಚಿಕ್ಕಮ್ಮನದು ಸಿಗಲೇ ಇಲ್ಲ. "46 ಆಯ್ತು, ಇನ್ನೇನು ಬಿಡು" ಅಂತ ಅವರು ಇನ್ನೂ ಮನಸ್ಸು ಮಾಡಿಲ್ಲ, ಮುಂದಿನ ತಿಂಗಳು ಮೂಳೆ ಸಾಂದ್ರತೆ ಪರೀಕ್ಷೆಗೆ ಬರ್ತೀನಿ ಅಂತ ಮಾತ್ರ ಒಪ್ಪಿದ್ದಾರೆ.

ಅಮ್ಮ ಶುರು ಮಾಡಿದ್ರು. ತೋಳಿಗೆ ಜೆಲ್, ರಾತ್ರಿ ಪ್ರೊಜೆಸ್ಟರಾನ್ ಮಾತ್ರೆ. ಗೋಡೆ ಕ್ಯಾಲೆಂಡರಲ್ಲಿ ದಿನಾ ಮೂರು ಅಂಕಿ ಬರೀತಾರೆ: ಬೆರಳಿಗೆ ಹತ್ತಕ್ಕೆ ಎಷ್ಟು, ಮಂಡಿಗೆ ಎಷ್ಟು, ರಾತ್ರಿ ಎಷ್ಟು ಸಲ ಎದ್ದದ್ದು. ಇದು ನನ್ನ ಒತ್ತಾಯ. ಯಾಕಂದ್ರೆ ಆ 38 ಜನ ನೆನಪಿದ್ದಾರಲ್ಲ, ಹುಸಿ ಮಾತ್ರೆಗೂ ಗುಣ ಕಂಡವರು. "ಪರವಾಗಿಲ್ಲ ಕಣೆ" ಅನ್ನೋ ಮಾತನ್ನ ನಂಬಿ ವರ್ಷಗಟ್ಟಲೆ ಔಷಧಿ ಮುಂದುವರಿಸೋಕಾಗಲ್ಲ. ವಿಟಮಿನ್ ಡಿ ಕೂಡ ಜೊತೆಯಲ್ಲೇ ಶುರುವಾಯ್ತು, ಹಾಗಾಗಿ ಯಾವುದರಿಂದ ಏನಾಯ್ತು ಅಂತ ಪೂರ್ತಿ ಬಿಡಿಸಿ ಹೇಳೋಕೂ ಆಗಲ್ಲ.

ಈಗ ಏಳನೇ ವಾರ. ರಾತ್ರಿ ಏಳೋದು ನಾಲ್ಕರಿಂದ ಒಂದಕ್ಕೆ ಇಳಿದಿದೆ, ಕೆಲವು ದಿನ ಸೊನ್ನೆ. ಬೆರಳು ಏಳರಿಂದ ನಾಲ್ಕು. ಬಲ ಮಂಡಿ ಆರು ಇತ್ತು, ಆರೇ ಇದೆ. ಅದಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂತೇಳೋ ವ್ಯಾಯಾಮ ಮಾಡಿ ಅಂದ್ರೆ, "ಹೊಲದಲ್ಲಿ ಮಾಡೋದು ಸಾಲದಾ" ಅಂತ ನನ್ನನ್ನೇ ಬೈತಾರೆ. ಅಕ್ಕಿ ಡಬ್ಬದ ಹಿಂದೆ ನೋಡಿದೆ, ಹೊಸ ಸ್ಟ್ರಿಪ್ ಒಂದೇ. ಡಾಕ್ಟರ್ ಹತ್ತಿರ ಮತ್ತೆ ಹೋಗೋದು ಐದು ವಾರ ಬಿಟ್ಟು, ಕ್ಯಾಲೆಂಡರ್ ಹಾಳೆ ಹರಿದು ತಗೊಂಡು ಹೋಗ್ತೀವಿ.