ಹಿಮಕ್ಕೆ ಅಂಜದ ಅಲ್ಯೂಮಿನಿಯಂ ಒಡಲು

ದೂರಸಾಗರಕ್ಕೆ ಹೊರಡುವ ಹಾಯಿದೋಣಿಗಳಲ್ಲಿ ಇಂದು ಹೆಚ್ಚಿನವು ಫೈಬರ್‌ಗ್ಲಾಸಿನವು. ಆದರೆ ಫ್ರಾನ್ಸಿನ ಕೆಲವು ದೋಣಿಕಟ್ಟೆಗಳು ಅಲ್ಯೂಮಿನಿಯಂ ಅನ್ನೇ ನೆಚ್ಚಿಕೊಂಡಿವೆ. ಅಲ್ಲಿನ ನಾವಿಕ ಎರಿಕ್ ತಬಾರ್ಲಿ 1967ರಲ್ಲಿ ನೀರಿಗಿಳಿಸಿದ ‘ಪೆನ್ ಡುಯಿಕ್ 3’ ಈ ಲೋಹದ್ದೇ. ಅದೇ ವರ್ಷ ಅದು ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯವನ್ನು ಗೆದ್ದಿತು.

ಅಲ್ಯೂಮಿನಿಯಮ್ಮಿಗೆ ಉಕ್ಕಿನ ಮೂರನೇ ಒಂದು ಪಾಲು ತೂಕ, ಮೇಲೆ ತಾನಾಗಿ ಕಟ್ಟಿಕೊಂಡು ಲೋಹವನ್ನು ಕಾಯುವ ಆಕ್ಸೈಡಿನ ತೆಳುಪೊರೆ. ಹಾಗಾಗಿ ಎಷ್ಟೋ ದೋಣಿಗಳ ಪಕ್ಕಗಳಿಗೆ ಬಣ್ಣವನ್ನೇ ಬಳಿಯುವುದಿಲ್ಲ. ಅಡುಗೆಮನೆಯ ಪಾತ್ರೆ ಬಿದ್ದಾಗ ನಗ್ಗುವಂತೆ, ಬಂಡೆ ತಾಗಿದಾಗ ಒಡಲೂ ನಗ್ಗೀತು; ಸೀಳುವುದು ಅಪರೂಪ. ನಡುಗಡಲಲ್ಲಿ ಜೀವ ಉಳಿಸುವ ಗುಣ ಇದು.

ಆದರೆ ಈ ಲೋಹ ಅವಸರವನ್ನು ಸಹಿಸದು. ದೋಣಿಗೆ ಹೆಚ್ಚಾಗಿ ಬಳಸುವುದು ಮೆಗ್ನೀಸಿಯಂ ಬೆರೆತ 5083 ಮಿಶ್ರಲೋಹ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಅದರ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆದ್ದರಿಂದ ವೆಲ್ಡಿಂಗ್‌ಗೆ ಮುನ್ನ ಅಂಚನ್ನು ಉಜ್ಜಿ ಪೊರೆ ತೆಗೆಯಬೇಕು. ಗಾಳಿ ಸೋಕದಂತೆ ಆರ್ಗಾನ್ ಅನಿಲ ಹಾಯಿಸುತ್ತಲೇ ಬೆಸೆಯಬೇಕು. ಒಂದೇ ಕಡೆ ಉದ್ದಕ್ಕೆ ಬೆಸೆಯುತ್ತ ಹೋದರೆ ತಗಡು ಸೊಟ್ಟಗಾಗುತ್ತದೆ. ಎಡಕ್ಕಷ್ಟು, ಬಲಕ್ಕಷ್ಟು, ತುಂಡು ತುಂಡಾಗಿ ಸಾಗಬೇಕು. ಬೆಸುಗೆಯ ಆಚೀಚೆ ಲೋಹದ ಬಲ ತಗ್ಗುವುದರಿಂದ ಯಾವ ಜೋಡಣೆ ಎಲ್ಲಿ ಬರಬೇಕೆಂಬುದು ನಕ್ಷೆಯಲ್ಲೇ ತೀರ್ಮಾನವಾಗಿರಬೇಕು. ನನ್ನ ಮಟ್ಟಿಗೆ ಈ ಕಸುಬಿನ ಅರ್ಧ ಹಿರಿಮೆ ಆ ಮುಂದಾಲೋಚನೆಯಲ್ಲಿದೆ.

ಇನ್ನು ತಾಮ್ರ. ಉಪ್ಪುನೀರಿನಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ತಾಗಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ದೋಣಿಯ ತಳದಲ್ಲಿ ಬಿದ್ದು ಮರೆತುಹೋದ ತಂತಿಯ ತುಣುಕೊಂದು ತಗಡನ್ನು ತೂತು ಮಾಡಬಲ್ಲದು. ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಬಳಿಯುವ ಸಾಮಾನ್ಯ ಬಣ್ಣದಲ್ಲಿ ತಾಮ್ರವಿರುತ್ತದೆ. ಇಲ್ಲಿ ಅದೂ ಸಲ್ಲದು. ವಿದ್ಯುತ್ ಸಂಪರ್ಕವೂ ಒಡಲನ್ನು ಮುಟ್ಟಬಾರದು.

ಇಷ್ಟೆಲ್ಲ ಎಚ್ಚರ ವಹಿಸಿ ಕಟ್ಟಿದ ದೋಣಿ ಎಂಥದನ್ನು ತಾಳಬಲ್ಲದೆಂಬುದಕ್ಕೆ ‘ತಾರಾ’ ಸಾಕ್ಷಿ. ಧ್ರುವಯಾತ್ರಿಕ ಜಾನ್ ಲೂಯಿ ಎಟಿಯೆನ್ ಅವರಿಗಾಗಿ 1989ರಲ್ಲಿ ಸಿದ್ಧವಾದ, 36 ಮೀಟರ್ ಉದ್ದದ ಈ ಎರಡು ಕಂಬಗಳ ಹಾಯಿನೌಕೆಯ ಮೊದಲ ಹೆಸರು ‘ಅಂಟಾರ್ಕ್‌ಟಿಕಾ’. ಅದರ ತಳ ದುಂಡಗಿದೆ. ಹಿಮ ಎರಡೂ ಕಡೆಯಿಂದ ಅದುಮಿದರೆ ನೌಕೆ ನಜ್ಜುಗುಜ್ಜಾಗದೆ ಮೇಲಕ್ಕೆ ಜಾರುತ್ತದೆ. 2006ರ ಸೆಪ್ಟೆಂಬರಿನಲ್ಲಿ ಆರ್ಕ್‌ಟಿಕ್ ಹಿಮದಲ್ಲಿ ಬೇಕೆಂದೇ ಸಿಕ್ಕಿಕೊಂಡು, ಹಿಮದೊಡನೆ ತೇಲುತ್ತ ಸಾಗಿ, 2008ರ ಜನವರಿಯಲ್ಲಿ ಹೊರಬಂತು. ಮರುವರ್ಷವೇ ಸಾಗರಗಳ ಪ್ಲಾಂಕ್ಟನ್ ಅಧ್ಯಯನಕ್ಕೆ ವಿಜ್ಞಾನಿಗಳನ್ನು ಹೊತ್ತು ಹೊರಟಿತು.