ಸಬ್‌ಟೈಟಲ್ ರಿಪೇರಿ ಎಂಬ ಕಸುಬು

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಸುಮಾರು ಕ್ರಿ.ಶ. 450ರದು. ಅದರಲ್ಲಿ ಯಾವ ಒತ್ತು ಎಲ್ಲಿ ಕೂರಬೇಕೆಂದು ಕೆತ್ತಿದವನ ಕೈಯೇ ತೀರ್ಮಾನಿಸಿತ್ತು. ಈಗ ಅದೇ ತಾಲ್ಲೂಕಿನಲ್ಲಿ ಒಬ್ಬರು ಕಂಪ್ಯೂಟರಿನಲ್ಲಿ ಮಲಯಾಳಂ ಚಿತ್ರ ಹಾಕಿಕೊಂಡು ಕೆಳಗೆ ಕನ್ನಡ ಸಬ್‌ಟೈಟಲ್ ಓದಲು ಕೂತರೆ, ಅಕ್ಷರ ನಾಲ್ಕು ಕೈ ದಾಟಿ ಬರಬೇಕು. ಮೊದಲು ಫೈಲ್ ಉಳಿಸಿದವರು, ಆಮೇಲೆ ಅದನ್ನು ಓದುವ ಪ್ಲೇಯರ್, ಒತ್ತು ಜೋಡಿಸುವ ತಂತ್ರಾಂಶ, ಕೊನೆಗೆ ಫಾಂಟ್. ಒಂದು ಕೈ ತಪ್ಪಿದರೂ ಪರದೆಯ ಮೇಲೆ ಚೌಕಗಳೋ ಗೋಜಲೋ ಮೂಡುತ್ತದೆ.

ಇದನ್ನು ಸರಿಪಡಿಸಬಲ್ಲವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಬಗ್ಗೆ ನನಗೆ ತುಂಬ ಗೌರವ. ಅರಸೀಕೆರೆ ಕಡೆ ತೆಂಗಿನಕಾಯಿ ಕೊಳ್ಳುವವರು ಒಡೆಯುವ ಮೊದಲು ಕುಲುಕಿ, ತಟ್ಟಿ ಕೇಳುವಂತೆ, ಅವರು ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಪರದೆಯನ್ನು ಸುಮ್ಮನೆ ನೋಡುತ್ತಾರೆ. ಯಾವ ಕೈ ತಪ್ಪಿದೆ ಎಂಬುದು ಕೆಟ್ಟ ಸಾಲಿನಲ್ಲೇ ಬರೆದಿರುತ್ತದೆ.

ಸಾಲಿನ ಉದ್ದಕ್ಕೂ ಖಾಲಿ ಚೌಕಗಳಿದ್ದರೆ ಫೈಲ್ ಸರಿಯಾಗಿದೆ, ಫಾಂಟಿನಲ್ಲಿ ಕನ್ನಡವಿಲ್ಲ ಎಂದರ್ಥ. ಹೆಚ್ಚು ಜನ ಬಳಸುವ ವಿಎಲ್‌ಸಿಯಲ್ಲಿ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಸಬ್‌ಟೈಟಲ್ ವಿಭಾಗದಲ್ಲಿ ಫಾಂಟ್ ಬದಲಿಸಬೇಕು. ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ ಇದೆ, ಹಳೆಯ ಎಕ್ಸ್‌ಪಿಯಲ್ಲಿ ತುಂಗಾ ಇತ್ತು, ಲಿನಕ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಹಾಕಿಕೊಳ್ಳಬಹುದು. ಸೇವ್ ಮಾಡಿ ಚಿತ್ರವನ್ನು ಮತ್ತೆ ತೆರೆದರೆ ಮುಗಿಯಿತು.

ಗೋಜಲು ಮಾತ್ರ ಇಷ್ಟು ಸುಲಭವಲ್ಲ. ಅದರಲ್ಲಿ ಎರಡು ಜಾತಿಯಿದೆ, ಎರಡಕ್ಕೂ ಮದ್ದು ಬೇರೆ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಫೈಲಿನಲ್ಲಿ ಮೂರು ಬೈಟ್ ಹಿಡಿಯುತ್ತದೆ. 'ಬೇಲೂರು' ಎಂಬ ಪದದಲ್ಲಿ ಆರು ಸಂಕೇತ, 18 ಬೈಟ್. ಪ್ಲೇಯರ್ ಅದನ್ನು ಪಾಶ್ಚಾತ್ಯ ಲಿಪಿಯೆಂದು ತಿಳಿದರೆ ಒಂದೊಂದು ಬೈಟಿಗೂ ಒಂದು ಚಿಹ್ನೆ ಬರೆಯಲು ಹೊರಡುತ್ತದೆ. ಆಗ ತಲೆಯ ಮೇಲೆ ಓರೆ ಗೀರಿರುವ ಇಂಗ್ಲಿಷಿನ ಸಣ್ಣ 'ಎ', ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಇವು ಸಾಲಿಡೀ ಮರುಕಳಿಸುತ್ತವೆ. ಈ ಗುರುತು ಕಂಡರೆ ಅದೇ ಸಬ್‌ಟೈಟಲ್ ವಿಭಾಗದಲ್ಲಿ ಎನ್‌ಕೋಡಿಂಗ್ ಅನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸಾಕು.

ಇನ್ನೊಂದು ಜಾತಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳ ಕಾಲದ್ದು. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದೆ ತೆರೆದರೆ 'ಕನ್ನಡ' ಎಂಬ ಪದ ದೊಡ್ಡ 'ಪಿ', ಬ್ರಿಟಿಷ್ ಪೌಂಡಿನ ಗುರುತು, ಸಣ್ಣ 'ಕ್ಯೂ' ಇವುಗಳ ಸಾಲಾಗಿ ಕಾಣುತ್ತದೆ. ಇಲ್ಲಿ ಎನ್‌ಕೋಡಿಂಗ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬೇಕು. ಇವೆರಡರ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಹಿಡಿಯುವುದು ಈ ಕಸುಬಿನ ನಿಜವಾದ ಪಳಗಿಕೆ. ಇನ್ನು ಸಾಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ, ಹಿಂದೆ ಯಾರೋ ನೋಟ್‌ಪ್ಯಾಡಿನಲ್ಲಿ ಎಎನ್‌ಎಸ್‌ಐ ಎಂದು ಉಳಿಸಿರುವ ಸಾಧ್ಯತೆಯೇ ಹೆಚ್ಚು. ಹಾಗೆ ಉಳಿಸಿದ ಫೈಲಿನಲ್ಲಿ ಅಕ್ಷರಗಳೇ ಅಳಿದಿರುತ್ತವೆ, ಮೂಲ ಫೈಲನ್ನು ಹುಡುಕದೆ ದಾರಿಯಿಲ್ಲ.

ಅಕ್ಷರಗಳೆಲ್ಲ ಕನ್ನಡದವೇ, ಒತ್ತುಗಳು ಮಾತ್ರ ಚದುರಿವೆ ಎಂಬ ತೊಂದರೆ ನಮ್ಮ ಲಿಪಿಗಳಿಗೇ ವಿಶೇಷ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಹೊಯ್ಸಳ ದೊರೆಯ ಹೆಸರನ್ನೇ ತೆಗೆದುಕೊಳ್ಳಿ. 'ವಿಷ್ಣುವರ್ಧನ' ಎಂಬುದರಲ್ಲಿ ಉಕಾರ ಫೈಲಿನಲ್ಲಿ ಣ ಆದಮೇಲೆ ಬರುತ್ತದೆ, ಪರದೆಯಲ್ಲಿ ಷಕ್ಕೆ ಅಂಟಿಕೊಳ್ಳಬೇಕು. ಣ ಕೆಳಗಿಳಿದು ಒತ್ತಾಗಬೇಕು. ಮುಂದೆ ರ ಮೊದಲೇ ಇದ್ದರೂ ಅರ್ಕಾವತ್ತಾಗಿ ಧಕಾರದ ಬಲಕ್ಕೆ ಹೋಗಿ ನಿಲ್ಲಬೇಕು. ಇಷ್ಟನ್ನೂ ಮಾಡುವ ತಂತ್ರಾಂಶದ ಹೆಸರು ಹಾರ್ಫ್‌ಬಝ್. ಅದು ವಿಎಲ್‌ಸಿಯ ಸಬ್‌ಟೈಟಲ್‌ಗೆ ಬಂದದ್ದು 2018ರ 3.0 ಆವೃತ್ತಿಯಲ್ಲಿ. ಹಾಗಾಗಿ ಒತ್ತು ಚದುರಿದ್ದರೆ ಮೊದಲು ಆವೃತ್ತಿ ನೋಡಬೇಕು, ಹಳೆಯದಿದ್ದರೆ ಹೊಸದನ್ನು ಹಾಕಬೇಕು. ಈ ಒಂದು ಹೆಸರು ನೆಟ್ಟಗೆ ಮೂಡಿದರೆ ಉಳಿದ ಒತ್ತಕ್ಷರಗಳ ಬಗ್ಗೆ ಬಹುಮಟ್ಟಿಗೆ ನಿಶ್ಚಿಂತೆ.

ಡಿವಿಡಿಯಿಂದ ಬಂದ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವಕ್ಕೆ ಫಾಂಟ್ ಬದಲಿಸಿ ಫಲವಿಲ್ಲ.

ಸಾಲು ಸರಿಯಾಗಿ ಮೂಡಿಯೂ ಮಾತಿಗೆ ಹೊಂದದಿದ್ದರೆ, ಚಿತ್ರದ ಆರಂಭದಲ್ಲೂ ಕೊನೆಯಲ್ಲೂ ಎಷ್ಟೆಷ್ಟು ಅಂತರವಿದೆ ಎಂದು ನೋಡಬೇಕು. ಎರಡೂ ಕಡೆ ಒಂದೇ ಅಂತರವಿದ್ದರೆ ಎಚ್ ಮತ್ತು ಜಿ ಕೀಲಿಗಳೇ ಸಾಕು. ಎಚ್ ಒತ್ತಿದರೆ ಸಾಲು 50 ಮಿಲಿಸೆಕೆಂಡು ತಡವಾಗಿ ಬರುತ್ತದೆ, ಜಿ ಒತ್ತಿದರೆ ಅಷ್ಟೇ ಬೇಗ. ಆದರೆ ಅಂತರ ಹೋಗಹೋಗುತ್ತಾ ಬೆಳೆಯುತ್ತಿದ್ದರೆ ಅದು ಓಟದ ವೇಗದ ಸಮಸ್ಯೆ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಯುರೋಪಿನ ಟಿವಿಗಾಗಿ 25ರ ವೇಗದಲ್ಲಿ ಓಡಿಸಿದರೆ ಗಂಟೆಗೆ 2 ನಿಮಿಷ 24 ಸೆಕೆಂಡು ಕಡಿಮೆಯಾಗುತ್ತದೆ. ಒಂದಕ್ಕೆ ಬರೆದ ಸಬ್‌ಟೈಟಲನ್ನು ಇನ್ನೊಂದಕ್ಕೆ ಹಾಕಿದಾಗ ಕೀಲಿ ಒತ್ತುತ್ತಾ ಕೂತರೆ ಚಿತ್ರ ನೋಡಲಾಗದು. ಉಚಿತವಾಗಿ ಸಿಗುವ ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಚೌಕಟ್ಟಿನ ವೇಗ ಬದಲಿಸಿ, ಇಡೀ ಫೈಲನ್ನು ಒಮ್ಮೆಗೇ ಸರಿಮಾಡಬಹುದು.

ರಿಪೇರಿಯಾದ ಫೈಲನ್ನು ಯುಟಿಎಫ್-8ರಲ್ಲೇ ಉಳಿಸಿ, ಚಿತ್ರದ ಹೆಸರನ್ನೇ ಕೊಟ್ಟು ಅದೇ ಫೋಲ್ಡರಿನಲ್ಲಿಡಿ. ಮೂಲ ಪ್ರತಿಯನ್ನು ಅಳಿಸಬೇಡಿ. ಚಿತ್ರವನ್ನು ಇನ್ನೊಬ್ಬರಿಗೆ ಕೊಡುವಾಗ ಸರಿಪಡಿಸಿದ ಸಬ್‌ಟೈಟಲನ್ನೂ ಜೊತೆಗೆ ಕೊಡಿ.